ಬಸುರಿಗೆ ಮಂಗನಬಾವು: ಗಾಬರಿಯೂ ಬೇಡ, ಅಂಗಡಿ ಮಾತ್ರೆಯೂ ಬೇಡ

ನಿಮಗೆ ಮೂರನೇ ತಿಂಗಳು ನಡೆಯುತ್ತಿದೆ. ಯುಕೆಜಿಗೆ ಹೋಗುವ ಮೊದಲ ಮಗು ಸಂಜೆ ಶಾಲೆಯಿಂದ ಬಂದದ್ದೇ "ಅಮ್ಮಾ, ಅಗಿಯೋಕೆ ಆಗ್ತಿಲ್ಲ" ಎನ್ನುತ್ತದೆ. ಬೆಳಗಾಗುವಷ್ಟರಲ್ಲಿ ಒಂದು ಕೆನ್ನೆ ಊದಿಕೊಂಡಿದೆ. ಅತ್ತೆ ಒಮ್ಮೆ ನೋಡಿ "ಇದು ಮಂಗನಬಾವೇ" ಎಂದುಬಿಡುತ್ತಾರೆ. ಮಗುವಿಗೆ ಏನು ಮಾಡಬೇಕೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಹೊಟ್ಟೆಯ ಕೂಸಿನ ವಿಷಯ ಬಂದರೆ ಒಬ್ಬೊಬ್ಬರದು ಒಂದೊಂದು ಮಾತು. ತವರಿಗೆ ಹೊರಟುಬಿಡು ಅನ್ನುವವರು ಒಬ್ಬರು, ಇವತ್ತೇ ಇಂಜೆಕ್ಷನ್ ಹಾಕಿಸಿಕೋ ಅನ್ನುವವರು ಇನ್ನೊಬ್ಬರು. ಮೊಬೈಲಿನಲ್ಲಿ ಹುಡುಕಿದರೆ 'ಗರ್ಭಪಾತ' ಎಂಬ ಪದವೇ ಮೊದಲು ಕಣ್ಣಿಗೆ ಬೀಳುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗರ್ಭಿಣಿಯರಲ್ಲಿ ಮಂಗನಬಾವು ಬಹುಪಾಲು ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆ. ಗಾಬರಿಯಲ್ಲಿ ತೆಗೆದುಕೊಳ್ಳುವ ನಿರ್ಧಾರಗಳೇ ಅದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲವು: ಮೆಡಿಕಲ್ ಶಾಪಿನಿಂದ ಕೇಳಿ ತಂದ ನೋವಿನ ಮಾತ್ರೆ, ಹಾಕಿಸಿಕೊಳ್ಳಬಾರದ ಸಮಯದಲ್ಲಿ ಹಾಕಿಸಿಕೊಂಡ ಲಸಿಕೆ, ಕೊನೆಗೆ 'ಮಗುವಿಗೆ ಏನಾದರೂ ಆಗಿದ್ದರೆ' ಎಂಬ ಭಯಕ್ಕೆ ಒಳ್ಳೆಯ ಬಸಿರನ್ನೇ ತೆಗೆಸುವ ಯೋಚನೆ. ಈ ಮೂರರಿಂದ ನಿಮ್ಮನ್ನು ದೂರ ಇಡುವುದು ಈ ಬರಹದ ಮುಖ್ಯ ಉದ್ದೇಶ. ಕಾಯಿಲೆ ಅಂಟದಂತೆ ನೋಡಿಕೊಳ್ಳುವ ದಾರಿಯೂ ಜೊತೆಗೇ ಇದೆ.

ಕಾಯಿಲೆ ಯಾವುದು, ಅಂಟುವುದು ಹೇಗೆ

ಕೆಪ್ಪಟರಾಯ, ಗದ್ದಕಟ್ಟು ಎಂದೆಲ್ಲ ಕರೆಸಿಕೊಳ್ಳುವ ಮಂಗನಬಾವು ಒಂದು ವೈರಸ್ ಸೋಂಕು. ಕಿವಿಯ ಮುಂದೆ, ಕೆಳಗೆ ಇರುವ ಜೊಲ್ಲಿನ ಗ್ರಂಥಿಗಳು ಊದುತ್ತವೆ. ಮಲೆನಾಡಿನ ಓದುಗರು ಇದನ್ನು ಮಂಗನ ಕಾಯಿಲೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಆ ಜ್ವರ ಉಣ್ಣೆ ಕಚ್ಚಿ ಬರುವಂಥದ್ದು. ಮಂಗನಬಾವಿಗೂ ಮಂಗಕ್ಕೂ ಯಾವ ಸಂಬಂಧವೂ ಇಲ್ಲ. ಅದು ಮನುಷ್ಯರಿಂದ ಮನುಷ್ಯರಿಗೇ ಬರುತ್ತದೆ.

ವೈರಸ್ ಇರುವುದು ಮುಖ್ಯವಾಗಿ ಜೊಲ್ಲಿನಲ್ಲಿ. ಕೆಮ್ಮಿದಾಗ, ಸೀನಿದಾಗ, ಹತ್ತಿರ ಕುಳಿತು ಮಾತಾಡಿದಾಗ ಹಾರುವ ಹನಿಗಳಿಂದ ಅಂಟುತ್ತದೆ. ಎಂಜಲಿನಿಂದಲೂ ಅಂಟುತ್ತದೆ. ಒಳಗೆ ಹೊಕ್ಕ ವೈರಸ್ ಲಕ್ಷಣ ತೋರಿಸಲು 12ರಿಂದ 25 ದಿನ ಬೇಕು, ಹೆಚ್ಚಿನವರಲ್ಲಿ 16–18 ದಿನ. ಬಾವು ಕಾಣುವ ಸುಮಾರು ಎರಡು ದಿನ ಮೊದಲಿನಿಂದ, ಕಂಡ ಮೇಲೆ ಐದು ದಿನದವರೆಗೆ ರೋಗಿ ಬೇರೆಯವರಿಗೆ ಹರಡಬಲ್ಲ. ಕೆಲವರಿಗಂತೂ ಕೆನ್ನೆ ಊದುವುದೇ ಇಲ್ಲ, ಬರೀ ನೆಗಡಿ ಜ್ವರದಂತೆ ಬಂದು ಹೋಗುತ್ತದೆ. ಅವರಿಂದಲೂ ಹರಡುತ್ತದೆ.

ಈ ಲೆಕ್ಕವನ್ನು ನೆನಪಿಡಿ. ಮಗುವಿನ ಕೆನ್ನೆ ಊದಿದ ದಿನ ನೀವು ಓಡಿಹೋಗಿ ಪ್ರಯೋಜನವಿಲ್ಲ. ಅಂಟುವುದಿದ್ದರೆ ಹಿಂದಿನ ಎರಡು ದಿನಗಳಲ್ಲೇ ಅಂಟಿರಬಹುದು. ತವರಿಗೆ ಹೋದರೆ ಅಲ್ಲಿರುವ ಅಣ್ಣನ ಮಕ್ಕಳಿಗೋ ಬಸುರಿಯಾಗಿರುವ ಅತ್ತಿಗೆಗೋ ನೀವೇ ಅದನ್ನು ಕೊಂಡೊಯ್ದಂತಾದೀತು.

ಹೊಟ್ಟೆಯ ಕೂಸಿಗೆ ಏನಾದೀತು?

ನೇರವಾಗಿ ಹೇಳಬೇಕಾದ ವಿಷಯ ಇದು. ಮಂಗನಬಾವಿನಿಂದ ಕೂಸಿಗೆ ಅಂಗವೈಕಲ್ಯ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಜನರ ಮನಸ್ಸಿನಲ್ಲಿರುವ ಭಯ ನಿಜವಾಗಿ ಬೇರೊಂದು ಕಾಯಿಲೆಯದು, ರುಬೆಲ್ಲಾದ್ದು. ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳುವ ಸಾಧ್ಯತೆ ಬಹಳ ಹೆಚ್ಚು. ಮಂಗನಬಾವು, ದಡಾರ, ರುಬೆಲ್ಲಾ ಮೂರಕ್ಕೂ ಒಂದೇ ಸಿರಿಂಜಿನ ಲಸಿಕೆ (ಎಂಎಂಆರ್) ಇರುವುದರಿಂದ ಮೂರರ ಅಪಾಯವೂ ಒಂದೇ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ.

ಹಾಗಾದರೆ ಗರ್ಭಪಾತದ ಮಾತು ಎಲ್ಲಿಂದ ಬಂತು? 1966ರಲ್ಲಿ ಪ್ರಕಟವಾದ ನ್ಯೂಯಾರ್ಕ್ ನಗರದ ಅಧ್ಯಯನವೊಂದರಲ್ಲಿ, ಮೊದಲ ಮೂರು ತಿಂಗಳಲ್ಲಿ ಮಂಗನಬಾವು ಬಂದ ತಾಯಂದಿರಲ್ಲಿ ಗರ್ಭ ನಷ್ಟವಾಗುವುದು ಹೆಚ್ಚಾಗಿ ಕಂಡಿತ್ತು. ಅಲ್ಲಿ ಲೆಕ್ಕಕ್ಕೆ ಸಿಕ್ಕ ತಾಯಂದಿರ ಸಂಖ್ಯೆ ಚಿಕ್ಕದು. ಮುಂದಿನ ಅಧ್ಯಯನಗಳು ಈ ಸಂಬಂಧವನ್ನು ಗಟ್ಟಿಯಾಗಿ ಎತ್ತಿಹಿಡಿಯಲಿಲ್ಲ. ಆದ್ದರಿಂದ ವೈದ್ಯರು ಎರಡೂ ಕಡೆ ತೂಗಿ ಹೇಳುತ್ತಾರೆ: ಮೊದಲ ಮೂರು ತಿಂಗಳಲ್ಲಿ ಬಂದರೆ ಹೆಚ್ಚು ಎಚ್ಚರದಿಂದಿರಿ, ನಂತರ ಬಂದರೆ ಅಷ್ಟು ಚಿಂತೆ ಬೇಡ. ಮಂಗನಬಾವು ಬಂತೆಂಬ ಒಂದೇ ಕಾರಣಕ್ಕೆ ಗರ್ಭ ತೆಗೆಸುವ ಅಗತ್ಯವಿಲ್ಲ. ಯಾರು ಹೇಳಿದರೂ ತಜ್ಞರನ್ನು ಕಾಣದೆ ಒಪ್ಪಬೇಡಿ.

ತಾಯಿಗೆ ಬರಬಹುದಾದ ತೊಂದರೆಗಳು ಗರ್ಭಿಣಿಯಲ್ಲದ ದೊಡ್ಡವರಿಗೆ ಬರುವಂಥವೇ. ಮೆದುಳಿನ ಪೊರೆಯ ಉರಿಯೂತ, ಮೇದೋಜೀರಕ ಗ್ರಂಥಿಯ ಊತ, ಮೊಲೆಯ ಊತ, ಅಂಡಾಶಯದ ಊತ, ಬಲು ಅಪರೂಪಕ್ಕೆ ಕಿವುಡು. ಬಸುರಿ ಎಂಬ ಕಾರಣಕ್ಕೆ ಇವು ಹೆಚ್ಚು ಉಗ್ರವಾಗುವುದಿಲ್ಲ. ಆದರೆ ಏರಿದ ಜ್ವರವನ್ನು ಹಾಗೇ ಬಿಡುವುದು, ನೀರಿಲ್ಲದೆ ದೇಹ ಒಣಗುವುದು ಯಾವ ಕಾಯಿಲೆಯಲ್ಲಾದರೂ ಗರ್ಭಕ್ಕೆ ಒಳ್ಳೆಯದಲ್ಲ. ಆದ್ದರಿಂದ ಆರೈಕೆಯೆಲ್ಲ ಈ ಎರಡರ ಸುತ್ತಲೇ ಇದೆ.

ಮನೆಯಲ್ಲಿ ಯಾರಿಗಾದರೂ ಬಂದರೆ

ಮೊದಲು ನೆನಪು ಮಾಡಿಕೊಳ್ಳಿ, ಚಿಕ್ಕವರಿದ್ದಾಗ ನಿಮಗೆ ಬಂದಿತ್ತೇ? ನಿಮ್ಮ ತಾಯಿಗೆ ಒಂದು ಫೋನ್ ಮಾಡಿ ಕೇಳಿ. ಒಮ್ಮೆ ಬಂದುಹೋದವರಿಗೆ ಮತ್ತೆ ಬರುವುದು ಅಪರೂಪ. ಎಂಎಂಆರ್ ಲಸಿಕೆಯ ಎರಡು ಡೋಸ್ ಆಗಿದ್ದರೂ ಬಹುಮಟ್ಟಿಗೆ ನಿಶ್ಚಿಂತೆ. ಎರಡೂ ಇಲ್ಲವಾದರೆ, ಅಥವಾ ಯಾರಿಗೂ ನೆನಪಿಲ್ಲದಿದ್ದರೆ, ನಿಮಗೆ ರಕ್ಷಣೆ ಇಲ್ಲವೆಂದೇ ತಿಳಿದು ಹೀಗೆ ಮಾಡಿ:

1. ಬಾವು ಕಂಡ ದಿನದಿಂದ ಐದು ದಿನ ಮಗುವಿನ ಊಟ, ಸ್ನಾನ, ಮಲಗಿಸುವುದನ್ನು ಗಂಡನೋ ಮನೆಯ ಹಿರಿಯರೋ ವಹಿಸಿಕೊಳ್ಳಲಿ. ಚಿಕ್ಕಂದಿನಲ್ಲಿ ಮಂಗನಬಾವು ಬಂದುಹೋದ ಅಜ್ಜಿ ಇದ್ದರೆ ಈ ಕೆಲಸಕ್ಕೆ ಅವರೇ ಸರಿ.

2. ಮಗು ತಿಂದು ಬಿಟ್ಟದ್ದನ್ನು ತಿನ್ನಬೇಡಿ. ತಟ್ಟೆಯಲ್ಲಿ ಉಳಿದ ಎರಡು ತುತ್ತು ಅನ್ನ ಚೆಲ್ಲಲು ಮನಸ್ಸಾಗದೆ ಬಾಯಿಗೆ ಹಾಕಿಕೊಳ್ಳದ ತಾಯಿ ನಮ್ಮಲ್ಲಿ ಯಾರಿದ್ದಾರೆ! ಬಿಸಿ ನೋಡಲು ಅದೇ ಚಮಚದಲ್ಲಿ ರುಚಿ ನೋಡುವುದು, ಮಗು ಕಚ್ಚಿ ಕುಡಿದ ಲೋಟದಲ್ಲೇ ನೀರು ಕುಡಿಯುವುದು ಕೂಡ ಹಾಗೇ ಅಭ್ಯಾಸವಾಗಿರುತ್ತದೆ. ಎಂಜಲೇ ಈ ವೈರಸ್ಸಿನ ದಾರಿಯಾದ್ದರಿಂದ ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

3. ಮಗುವಿಗೆ ತಟ್ಟೆ, ಲೋಟ, ಚಮಚ, ಟವೆಲ್, ದಿಂಬು ಬೇರೆ ಇರಲಿ. ಹಲ್ಲುಜ್ಜುವ ಬ್ರಷ್‌ಗಳನ್ನೆಲ್ಲ ಒಂದೇ ಡಬ್ಬಿಯಲ್ಲಿ ಇಡಬೇಡಿ. ಪಾತ್ರೆಯನ್ನು ಮಾಮೂಲಿ ಸೋಪಿನಲ್ಲಿ ತಿಕ್ಕಿ ತೊಳೆದರೆ ಸಾಕು. ಈ ವೈರಸ್ಸಿನ ಹೊರಪದರ ಕೊಬ್ಬಿನಿಂದಾದದ್ದು, ಸೋಪಿಗೆ ಒಡೆದುಹೋಗುತ್ತದೆ.

4. ಕಿಟಕಿ ತೆರೆದಿಡಿ. ಮಗುವಿನ ಹತ್ತಿರ ಹೋಗಲೇಬೇಕಾದಾಗ ಮಾಸ್ಕ್ ಹಾಕಿ, ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮುತ್ತು, ಒಂದೇ ಹೊದಿಕೆಯಲ್ಲಿ ಮಲಗುವುದು ಐದು ದಿನದ ಮಟ್ಟಿಗೆ ಬೇಡ. ಮಗು ಅಳುತ್ತದೆ, ನಿಮಗೂ ಕರುಳು ಕಿವುಚಿದಂತಾಗುತ್ತದೆ, ಗೊತ್ತು. ಬಾಗಿಲ ಬಳಿ ಕುಳಿತು ಕಥೆ ಹೇಳಿ, ಹಾಡು ಹೇಳಿ.

5. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಗುವಿನೊಂದಿಗೆ ನೀವು ಕೊನೆಯ ಸಲ ಹತ್ತಿರದಿಂದ ಇದ್ದ ದಿನದಿಂದ 25 ದಿನ ನಿಮ್ಮ ಮೇಲೆ ಕಣ್ಣಿಡಬೇಕು. ಅಷ್ಟರೊಳಗೆ ಸೀಮಂತ, ಮದುವೆ ಇದ್ದರೆ, ವಿಶೇಷವಾಗಿ ಬೇರೆ ಬಸುರಿಯರು, ಚಿಕ್ಕಮಕ್ಕಳು ಸೇರುವ ಕಡೆ, ಮುಂದೂಡುವುದೇ ಒಳ್ಳೆಯದು.

6. ನಿಮ್ಮ ಪ್ರಸೂತಿ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಫೋನಿನಲ್ಲೇ ತಿಳಿಸಿ. ತಾಯಿ ಕಾರ್ಡಿನಲ್ಲಿ ದಿನಾಂಕ ಬರೆದಿಟ್ಟರೆ ಮುಂದೆ ಯಾವ ಆಸ್ಪತ್ರೆಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಶಿಕ್ಷಕಿಯರು ಗರ್ಭಿಣಿಯಾಗಿದ್ದರೆ ಅವರ ಪರಿಸ್ಥಿತಿ ಇನ್ನೂ ಕಷ್ಟದ್ದು. ಒಂದು ಮಗುವಲ್ಲ, ಮೂವತ್ತು ಮಕ್ಕಳು. ತರಗತಿಯಲ್ಲಿ ಒಂದೆರಡು ಕೆನ್ನೆ ಊದಿದ್ದು ಕಂಡರೆ ಆ ಮಕ್ಕಳನ್ನು ಐದು ದಿನ ಮನೆಯಲ್ಲಿರಿಸುವಂತೆ ಮುಖ್ಯ ಶಿಕ್ಷಕರ ಮೂಲಕ ಪೋಷಕರಿಗೆ ಹೇಳಿಸಿ. ನಿಮಗೆ ಹಿಂದೆ ಬಂದಿಲ್ಲ, ಲಸಿಕೆಯೂ ಆಗಿಲ್ಲ, ಅದರಲ್ಲೂ ಮೊದಲ ಮೂರು ತಿಂಗಳು ಎಂದಾದರೆ ವೈದ್ಯರ ಚೀಟಿ ಪಡೆದು ಕೆಲ ಕಾಲ ಬೇರೆ ಕೆಲಸ ಕೇಳಲು ಸಂಕೋಚ ಪಡಬೇಡಿ.

ನಿಮಗೇ ಬಂದರೆ

ಮೊದಲಿಗೆ ಮೈಕೈ ನೋವು, ಸುಸ್ತು, ಸಣ್ಣ ಜ್ವರ, ಊಟ ಸೇರದಿರುವುದು. ಒಂದೆರಡು ದಿನದಲ್ಲಿ ಕಿವಿಯ ಕೆಳಗೆ ನೋವು. ಹುಳಿ ಬಾಯಿಗಿಟ್ಟ ಕೂಡಲೇ ಆ ನೋವು ಚುಚ್ಚಿದಂತೆ ಏಳುತ್ತದೆ. ಊತ ಬಂದಾಗ ದವಡೆಯ ಮೂಲೆ ಬೆರಳಿಗೆ ಸಿಗುವುದಿಲ್ಲ, ಕಿವಿಯ ಹಾಲೆ ಮೇಲಕ್ಕೆ, ಹೊರಕ್ಕೆ ತಳ್ಳಿದಂತೆ ಕಾಣುತ್ತದೆ. ಹೆಚ್ಚಿನವರಲ್ಲಿ ಒಂದು ಕಡೆ ಬಂದು ಮತ್ತೊಂದು ಕಡೆಯೂ ಊದುತ್ತದೆ.

ಕೆನ್ನೆ ಊದಿದ್ದೆಲ್ಲ ಮಂಗನಬಾವಲ್ಲ. ಹುಳುಕು ಹಲ್ಲಿನ ಕೀವು, ಕುತ್ತಿಗೆಯ ಗಡ್ಡೆ, ಜೊಲ್ಲಿನ ನಾಳದ ಕಲ್ಲು, ಬ್ಯಾಕ್ಟೀರಿಯಾ ಸೋಂಕು ಕೂಡ ಹೀಗೇ ಊದಿಸುತ್ತವೆ. ಒಂದೇ ಕಡೆ ಕೆಂಪಾಗಿ, ಬಿಸಿಯಾಗಿ, ಮುಟ್ಟಿಸಿಕೊಳ್ಳದಷ್ಟು ನೋವಿದ್ದರೆ ಆಂಟಿಬಯೋಟಿಕ್ ಬೇಕಾಗಬಹುದು. ಮೈಮೇಲೆ ಗುಳ್ಳೆ, ದದ್ದು ಇದ್ದರಂತೂ ಅದೇ ದಿನ ವೈದ್ಯರಿಗೆ ತಿಳಿಸಿ. ದದ್ದು ಮಂಗನಬಾವಿನ ಗುರುತಲ್ಲ. ರುಬೆಲ್ಲಾ, ದಡಾರ, ಸೀತಾಳೆ ಸಿಡುಬು ಇವುಗಳಿಗೆ ಬಸಿರಿನಲ್ಲಿ ಬೇರೆಯೇ ಕ್ರಮವಿದೆ. ಅನುಮಾನವಿದ್ದಾಗ ವೈದ್ಯರು ಕೆನ್ನೆಯ ಒಳಭಾಗದಿಂದ ಸ್ವ್ಯಾಬ್ ತೆಗೆದು ಪಿಸಿಆರ್ ಪರೀಕ್ಷೆಗೂ, ರಕ್ತವನ್ನು ಐಜಿಎಂ ಪರೀಕ್ಷೆಗೂ ಕಳಿಸುತ್ತಾರೆ.

ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ. ತಪಾಸಣೆಗೆ ಬಂದ ಹತ್ತಾರು ಗರ್ಭಿಣಿಯರು ಕುಳಿತ ಬೆಂಚಿನಲ್ಲಿ ನೀವೂ ಒಂದು ಗಂಟೆ ಕಾಯುವುದು ಅವರಿಗೆ ನ್ಯಾಯವಲ್ಲ. ಮಾಸ್ಕ್ ಹಾಕಿಕೊಂಡು ಹೋಗಿ, ಬೇರೆ ಕಡೆ ಕೂರಿಸಲು ಕೇಳಿ.

ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ದೇಹವೇ ಅದನ್ನು ಗೆಲ್ಲುತ್ತದೆ, ಹತ್ತು ದಿನದೊಳಗೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ:

1. ಜ್ವರ, ನೋವಿಗೆ ಪ್ಯಾರಸಿಟಮಾಲ್ ಮಾತ್ರ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಒಂದು ಮಾತ್ರೆಗೂ ಇನ್ನೊಂದಕ್ಕೂ ಕನಿಷ್ಠ ಆರು ಗಂಟೆ ಅಂತರವಿರಲಿ. ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ, ಎರಡೂ ಸೇರಿ ಪ್ರಮಾಣ ಮೀರದಂತೆ ನೋಡಿಕೊಳ್ಳಿ.

2. ಬಸಿರಿನಲ್ಲಿ ಹುಳಿ ತಿನ್ನುವ ಬಯಕೆ ಸಹಜ. ಆದರೆ ಈ ವಾರ ಮಾವಿನಕಾಯಿ, ಹುಣಸೆ, ನಿಂಬೆ, ಉಪ್ಪಿನಕಾಯಿಯನ್ನು ದೂರವಿಡಿ. ಹುಳಿ ತಿಂದರೆ ಗ್ರಂಥಿ ಜೊಲ್ಲು ಸುರಿಸಲು ಹೊರಡುತ್ತದೆ, ಊದಿದ ದಾರಿಯಲ್ಲಿ ಅದು ಹೊರಬರಲಾರದೆ ನೋವು ಹೆಚ್ಚುತ್ತದೆ. ಕಾರಣ ಇಷ್ಟೇ. ಹುಳಿಯಿಂದ ಕೂಸಿಗೇನೂ ಆಗುವುದಿಲ್ಲ.

3. ಅಗಿಯುವ ಕೆಲಸವಿಲ್ಲದ ಊಟ ಮಾಡಿ: ಮೆತ್ತಗೆ ಬೇಯಿಸಿದ ಅನ್ನಕ್ಕೆ ತೊವ್ವೆ, ರಾಗಿ ಗಂಜಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಸಪ್ಪೆ ಪೊಂಗಲ್, ಹಿಸುಕಿದ ಬಾಳೆಹಣ್ಣು. ಸಕ್ಕರೆ ಕಾಯಿಲೆ ಇರುವವರು ಗಂಜಿಗೆ ಬೆಲ್ಲ ಹಾಕಬೇಡಿ. ಮೂರು ಹೊತ್ತಿನ ಊಟವನ್ನು ಆರು ಹೊತ್ತಿಗೆ ಹಂಚಿಕೊಳ್ಳಿ.

4. ಬಾಯಿ ತೆರೆಯಲು ನೋವೆಂದು ನೀರು ಬಿಡಬೇಡಿ. ಗುಟುಕು ಗುಟುಕಾಗಿ ನೀರು, ಎಳನೀರು, ತಿಳಿ ಸಾರು ಕುಡಿಯುತ್ತಿರಿ. ಮೂತ್ರ ಗಾಢ ಹಳದಿಯಾದರೆ ಕುಡಿದದ್ದು ಸಾಲದೆಂದು ಅರ್ಥ.

5. ಒದ್ದೆ ಬಟ್ಟೆಯ ತಂಪು ಪಟ್ಟಿಯೋ, ಹದವಾದ ಬಿಸಿ ಶಾಖವೋ, ಯಾವುದು ಹಿತವೋ ಅದನ್ನು ಕೊಡಿ. ಉಗುರು ಬೆಚ್ಚನೆಯ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ.

6. ಐದು ದಿನ ಪ್ರತ್ಯೇಕ ಕೋಣೆಯಲ್ಲಿ ವಿಶ್ರಾಂತಿ. ಕಬ್ಬಿಣ, ಫೋಲಿಕ್ ಆಮ್ಲ, ಬಿಪಿ, ಥೈರಾಯ್ಡ್ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಮೊದಲ ಮೂರು ತಿಂಗಳಲ್ಲಿ ಬಂದಿದ್ದರೆ ಗುಣವಾದ ಮೇಲೆ ಒಂದು ಸ್ಕ್ಯಾನಿನಲ್ಲಿ ಮಗುವಿನ ಹೃದಯ ಬಡಿತ ನೋಡಿಸಿಕೊಂಡರೆ ಮನಸ್ಸಿಗೆ ಸಮಾಧಾನ. ಅದರ ಹೊರತು ಎಲ್ಲರಿಗೂ ಮಾಡುವ ಐದನೇ ತಿಂಗಳ ಸ್ಕ್ಯಾನ್ ಸಾಕು.

ಇವು ಕಂಡರೆ ಕಾಯಬೇಡಿ

ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ ಅಥವಾ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ: ರಕ್ತ ಕಾಣಿಸಿದರೆ, ನೀರು ಸೋರಿದರೆ, ಹೊಟ್ಟೆ ಬಿಗಿದು ಬಿಗಿದು ನೋವು ಬಂದರೆ, ತಡೆಯಲಾಗದ ತಲೆನೋವಿನ ಜೊತೆ ವಾಂತಿ, ಕತ್ತು ಬಗ್ಗಿಸಲಾಗದ ಬಿಗಿತ, ಮಂಪರು ಇದ್ದರೆ, ಮೇಲ್ಹೊಟ್ಟೆಯಲ್ಲಿ ಬೆನ್ನಿಗೆ ಹಾಯುವ ನೋವಿದ್ದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ, ಕುಡಿದದ್ದೆಲ್ಲ ವಾಂತಿಯಾಗಿ ಮೂತ್ರವೇ ಕಡಿಮೆಯಾದರೆ, ಏಳು ತಿಂಗಳು ದಾಟಿದವರಿಗೆ ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ. ತಲೆನೋವು, ಮೇಲ್ಹೊಟ್ಟೆ ನೋವು ಬಿಪಿ ಏರಿದ್ದರ ಸೂಚನೆಯೂ ಆಗಿರಬಹುದು. 'ಮಂಗನಬಾವಿನದೇ ಇರಬೇಕು' ಎಂದು ಸುಮ್ಮನಾಗುವುದು ಅಪಾಯ. ಮೂರು ದಿನ ದಾಟಿದರೂ ಜ್ವರ ಇಳಿಯದಿದ್ದರೆ ಆಗಲೂ ತೋರಿಸಿಕೊಳ್ಳಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಮೆಡಿಕಲ್ ಶಾಪಿನ ನೋವಿನ ಮಾತ್ರೆ.* 'ಬಾವಿಗೆ ಒಂದು ಮಾತ್ರೆ ಕೊಡಿ' ಎಂದು ಕೇಳಿದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನಿಮೆಸುಲೈಡ್ ಇರುವ ಮಾತ್ರೆ ಕೈಗೆ ಬರುವುದು ಮಾಮೂಲು. ಎಷ್ಟೋ ಪಟ್ಟಿಗಳಲ್ಲಿ ಇವು ಪ್ಯಾರಸಿಟಮಾಲ್ ಜೊತೆ ಬೆರೆತಿರುತ್ತವೆ, ಹಾಗಾಗಿ ಆ ಹೆಸರು ಕಂಡು ಮೋಸಹೋಗಬೇಡಿ, ಹಿಂಬದಿಯ ಪೂರ್ತಿ ಬರಹ ಓದಿ. ಈ ಗುಂಪಿನ ಔಷಧಿಗಳು 20 ವಾರಗಳ ನಂತರ ಕೂಸಿನ ಮೂತ್ರಪಿಂಡದ ಮೇಲೆ ಪರಿಣಾಮ ಮಾಡಿ ಗರ್ಭಜಲ ಕಡಿಮೆ ಮಾಡಬಹುದು. ಕೊನೆಯ ಮೂರು ತಿಂಗಳಲ್ಲಿ, ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳವನ್ನು ಹೊಟ್ಟೆಯಲ್ಲೇ ಮುಚ್ಚಿಸಿಬಿಡಬಹುದು. ವೈದ್ಯರು ಬಿಪಿ ತಡೆಗೆಂದು ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದಿದ್ದರೆ ಅದು ಬೇರೆ ಮಾತು, ಅದನ್ನು ಅವರನ್ನು ಕೇಳದೆ ಬಿಡಬೇಡಿ.

*ಓಡಿಹೋಗಿ ಲಸಿಕೆ ಹಾಕಿಸಿಕೊಳ್ಳುವುದು.* ಎಂಎಂಆರ್‌ನಲ್ಲಿ ಇರುವುದು ಶಕ್ತಿಗುಂದಿಸಿದ ಜೀವಂತ ವೈರಸ್. ಗರ್ಭಿಣಿಯರಿಗೆ ಅದನ್ನು ಕೊಡುವುದಿಲ್ಲ. ಸೋಂಕು ತಗುಲಿದ ಮೇಲೆ ಹಾಕಿಸಿಕೊಂಡರೆ ಆ ಸೋಂಕನ್ನು ಅದು ತಡೆಯುವುದೂ ಇಲ್ಲ. ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದಿಗೂ ಮಂಗನಬಾವಿನಲ್ಲಿ ಕೆಲಸವಿಲ್ಲ. ಬಸುರಿಯರಿಗೆ ಕೊಡುವ ಟಿಡಿ, ಫ್ಲೂ ಲಸಿಕೆಗಳು ಬೇರೆ, ಅವು ಸುರಕ್ಷಿತ. ಇನ್ನು ಬಸಿರು ನಿಂತದ್ದು ತಿಳಿಯದೆ ಎಂಎಂಆರ್ ಹಾಕಿಸಿಕೊಂಡವರು ಹೆದರಬೇಕಿಲ್ಲ. ಅದರಿಂದ ಮಗುವಿಗೆ ಹಾನಿಯಾದ ಪುರಾವೆ ಇಲ್ಲ. ವೈದ್ಯರಿಗೆ ತಿಳಿಸಿ, ಬಸಿರನ್ನು ಮುಂದುವರಿಸಿ.

*ಮನೆಯಲ್ಲಿ ಬಸುರಿ ಇದ್ದಾಳೆಂದು ಮಗುವಿನ ಲಸಿಕೆ ಮುಂದೂಡುವುದು.* ಲಸಿಕೆ ಹಾಕಿಸಿಕೊಂಡ ಮಗುವಿನಿಂದ ತಾಯಿಗೆ ಅಪಾಯವಿಲ್ಲ. ಲಸಿಕೆ ಇಲ್ಲದ ಮಗುವೇ ಕಾಯಿಲೆಯನ್ನು ಮನೆಗೆ ತರುವುದು.

*ಸುಣ್ಣ, ಬರೆ, ನಾಟಿ ಗುಳಿಗೆ.* ಗಂಧ ತೇಯ್ದು ಹಚ್ಚಿದರೆ ತಂಪು, ಅದಕ್ಕೆ ಅಡ್ಡಿಯಿಲ್ಲ. ಸುಣ್ಣ ಕೆನ್ನೆಯ ಚರ್ಮ ಸುಡುತ್ತದೆ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಗುಳಿಗೆ, ಕಷಾಯ ಬಸಿರಿನಲ್ಲಿ ಬೇಡವೇ ಬೇಡ.

*ಮೊಲೆಹಾಲು ನಿಲ್ಲಿಸುವುದು.* ಹೆರಿಗೆಯ ಹೊತ್ತಿಗೆ ಕಾಯಿಲೆ ಬಂದರೆ 'ಹಾಲಿನಲ್ಲಿ ಬರುತ್ತೆ' ಎಂದು ಕೂಸನ್ನು ಬೇರೆ ಮಾಡುತ್ತಾರೆ. ಮಾಸ್ಕ್ ಹಾಕಿ, ಕೈ ತೊಳೆದು ಹಾಲು ಕೊಡಿ. ನವಜಾತ ಶಿಶುವಿಗೆ ಮಂಗನಬಾವು ಬರುವುದು ಅಪರೂಪ. ಬಾಣಂತಿಯ ಕೋಣೆಯಲ್ಲೇ ಮಗು ಇರಲಿ, ಅದಕ್ಕೆ ಜ್ವರ, ಉಸಿರಾಟದ ಕಷ್ಟ, ಹಾಲು ಬಿಡುವುದು ಕಂಡರೆ ಮಾತ್ರ ತಕ್ಷಣ ಮಕ್ಕಳ ವೈದ್ಯರಿಗೆ ತೋರಿಸಿ.

ಲಸಿಕೆಯ ಸಮಯ: ಬಸಿರಿಗೆ ಮೊದಲು, ಹೆರಿಗೆಯ ನಂತರ

1963ರಲ್ಲಿ ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಲೆಮನ್ ಅವರ ಐದು ವರ್ಷದ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂತು. ಅವಳ ಗಂಟಲಿನಿಂದ ತೆಗೆದ ವೈರಸ್ಸನ್ನೇ ಪಳಗಿಸಿ ಅವರು ಮಾಡಿದ ಲಸಿಕೆಗೆ 1967ರಲ್ಲಿ ಪರವಾನಗಿ ಸಿಕ್ಕಿತು. ನಮ್ಮಲ್ಲಿ ಇಂದಿಗೂ ತಿಳಿದಿರಬೇಕಾದ ಸಂಗತಿ ಬೇರೊಂದಿದೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಮೊದಲ ಕೆಲವು ರಾಜ್ಯಗಳಲ್ಲಿ ಆರಂಭವಾದ ಸರ್ಕಾರಿ ಅಭಿಯಾನದಲ್ಲಿ ಕೊಟ್ಟದ್ದು ಎಂಆರ್ ಲಸಿಕೆ, ಅಂದರೆ ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಅದರಲ್ಲಿ ಮಂಗನಬಾವಿನ ಭಾಗವಿಲ್ಲ. 'ಎಲ್ಲ ಇಂಜೆಕ್ಷನ್ ಹಾಕಿಸಿದೀವಲ್ಲ, ಆದರೂ ಬಂತಲ್ಲ' ಎಂದು ತಾಯಂದಿರು ಬೇಸರಪಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. 2024ರಲ್ಲಿ ನೆರೆಯ ಕೇರಳದಲ್ಲಿ ಮಕ್ಕಳಿಗೆ ಸಾವಿರಾರು ಸಂಖ್ಯೆಯಲ್ಲಿ ಮಂಗನಬಾವು ಬಂದಾಗಲೂ ಇದೇ ಕೊರತೆಯ ಮಾತು ಎದ್ದಿತ್ತು. ಭಾರತೀಯ ಮಕ್ಕಳ ವೈದ್ಯರ ಸಂಘ ಶಿಫಾರಸು ಮಾಡುವುದು ಎಂಎಂಆರ್: 9 ತಿಂಗಳಿಗೆ, 15 ತಿಂಗಳಿಗೆ, ಮತ್ತೆ 4–6 ವರ್ಷದೊಳಗೆ. ನಿಮ್ಮ ಮಗುವಿನ ಕಾರ್ಡ್ ತೆಗೆದು ಎರಡು ಅಕ್ಷರವಿದೆಯೋ (MR) ಮೂರಿದೆಯೋ (MMR) ನೋಡಿ. ಎರಡೇ ಇದ್ದರೆ ಮಕ್ಕಳ ವೈದ್ಯರನ್ನು ಕೇಳಿ ಎಂಎಂಆರ್ ಹಾಕಿಸಿ.

ಮದುವೆ ನಿಶ್ಚಯವಾದ ಹುಡುಗಿಯರು, ಮುಂದಿನ ಮಗುವಿನ ಯೋಚನೆಯಲ್ಲಿರುವವರು ಬಸಿರಿಗೆ ಮೊದಲೇ ಎರಡು ಡೋಸ್ ಮುಗಿಸಿಕೊಳ್ಳಬೇಕು. ಎರಡರ ನಡುವೆ ಕನಿಷ್ಠ 28 ದಿನ, ಎರಡನೆಯದಾದ ಮೇಲೆ ಮತ್ತೆ ಒಂದು ತಿಂಗಳು ಬಸಿರು ನಿಲ್ಲದಂತೆ ಎಚ್ಚರ. ಅಂದರೆ ಎರಡು ಮೂರು ತಿಂಗಳು ಮುಂಚೆ ಶುರು ಮಾಡಿದರೆ ಸರಿಹೋಗುತ್ತದೆ. ಎರಡು ಡೋಸ್‌ಗಳಿಂದ ಮಂಗನಬಾವಿನ ವಿರುದ್ಧ ಸಿಗುವ ರಕ್ಷಣೆ ಶೇ 85ರ ಆಸುಪಾಸು. ಲಸಿಕೆಯಾದವರಿಗೂ ಒಮ್ಮೊಮ್ಮೆ ಬರಬಹುದು, ಆದರೆ ಹಗುರವಾಗಿ ಹೋಗುತ್ತದೆ. ರುಬೆಲ್ಲಾ ವಿರುದ್ಧ ಸಿಗುವ ರಕ್ಷಣೆ ಇದಕ್ಕಿಂತಲೂ ಗಟ್ಟಿ, ಹುಟ್ಟುವ ಕೂಸಿನ ದೃಷ್ಟಿಯಿಂದ ಅದೊಂದೇ ಲಾಭ ಸಾಕು ಈ ಲಸಿಕೆಗೆ. ಗಂಡನಿಗೂ ಹಾಕಿಸಿ. ವಯಸ್ಸಿಗೆ ಬಂದ ಗಂಡಸರಿಗೆ ಮಂಗನಬಾವು ಬಂದರೆ ವೃಷಣ ಊದಿ ನರಳಬೇಕಾಗಬಹುದು.

ಈಗಾಗಲೇ ಬಸುರಿಯಾಗಿದ್ದರೆ ಹೆರಿಗೆಯವರೆಗೆ ಕಾಯಿರಿ. ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಹಾಕಿಸಿಕೊಳ್ಳಬಹುದು, ಹಾಲುಣಿಸುವುದಕ್ಕೆ ಅಡ್ಡಿಯಿಲ್ಲ. ಒಂದು ವಿಷಯ ಮಾತ್ರ ವೈದ್ಯರಿಗೆ ಹೇಳಲು ಮರೆಯಬೇಡಿ: ನಿಮ್ಮದು ನೆಗೆಟಿವ್ ರಕ್ತದ ಗುಂಪಾಗಿ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದರೆ, ಅಥವಾ ಹೆರಿಗೆಯಲ್ಲಿ ರಕ್ತ ಹಾಕಿದ್ದರೆ, ಲಸಿಕೆ ಸರಿಯಾಗಿ ಹಿಡಿಯದೆ ಹೋಗಬಹುದು. ಆಗ ಅವರು ಲಸಿಕೆಯನ್ನು ಮುಂದಕ್ಕೆ ಹಾಕುತ್ತಾರೆ, ಇಲ್ಲವೇ ಕೊಟ್ಟು ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ.